ಅಂಚಿನ ಕಿರಣಗಳು ಯಾಕೆ ಅವಸರ ಮಾಡುತ್ತವೆ?

ಓದುವ ದಿನಗಳಲ್ಲಿ ಒಮ್ಮೆ ಹಠಕ್ಕೆ ಬಿದ್ದು, ಕೋನಮಾಪಕ ಹಿಡಿದು ಮಸೂರದ ಚಿತ್ರ ಬರೆದಿದ್ದೆ. ಪುಸ್ತಕದಲ್ಲಿ ಎಲ್ಲ ಕಿರಣಗಳೂ ಒಂದೇ ಬಿಂದುವಿನಲ್ಲಿ ಸೇರುತ್ತವೆ, ಅಲ್ವಾ? ನನ್ನ ಹಾಳೆಯಲ್ಲಿ ಸೇರಲೇ ಇಲ್ಲ. ನಡುವಿನವು ಒಂದು ಕಡೆ, ಅಂಚಿನವು ಅದಕ್ಕಿಂತ ಮೊದಲೇ. ಅಳಿಸಿ ಅಳಿಸಿ ಹಾಳೆ ತೂತಾಯಿತು, ಅಷ್ಟೇ. ತಪ್ಪು ನನ್ನದಲ್ಲ ಅಂತ ಗೊತ್ತಾಗಿದ್ದು ಎಷ್ಟೋ ಕಾಲದ ಮೇಲೆ.

ಗಾಜಿನೊಳಗೆ ಹೋಗುವ ಬೆಳಕು ಎಷ್ಟು ಬಾಗಬೇಕು ಅಂತ ಹೇಳುವುದು ಸ್ನೆಲ್ ನಿಯಮ. ಗಾಜಿನ ಮೈಗೆ ಲಂಬವಾಗಿ ಎಳೆದ ಗೆರೆಯಿಂದ ಕಿರಣದ ಕೋನ ಅಳೆಯುತ್ತಾರೆ. ನಿಯಮದಲ್ಲಿ ಇರುವುದು ಬರೀ ಆ ಕೋನ ಅಲ್ಲ, ಕೋನದ ಸೈನ್. ಕಗ್ಗಂಟು ಶುರುವಾಗುವುದೇ ಅಲ್ಲಿ. ಆದರೆ ಕೋನ ಚಿಕ್ಕದಿದ್ದು, ಅದನ್ನು ರೇಡಿಯನ್‌ನಲ್ಲಿ ಅಳೆದರೆ, ಕೋನವೂ ಅದರ ಸೈನೂ ಹೆಚ್ಚುಕಡಿಮೆ ಒಂದೇ. 10 ಡಿಗ್ರಿ ಅಂದರೆ 0.1745 ರೇಡಿಯನ್, ಅದರ ಸೈನ್ 0.1736. ವ್ಯತ್ಯಾಸ ನೂರಕ್ಕೆ ಅರ್ಧದಷ್ಟು. ಹಾಗಾಗಿ ಸೈನ್ ಕೈಬಿಟ್ಟು, ಗಾಜಿನ ವಕ್ರೀಭವನ ಸೂಚ್ಯಂಕ (ಅದು ಬೆಳಕನ್ನು ಎಷ್ಟು ಬಾಗಿಸುತ್ತದೆ ಅನ್ನುವುದರ ಅಳತೆ) 1.5 ಇದ್ದರೆ ಕೋನವನ್ನು ಸುಮ್ನೆ 1.5ರಿಂದ ಭಾಗಿಸಬಹುದು. 10 ಡಿಗ್ರಿಗೆ ಈ ಲೆಕ್ಕ 6.67 ಅನ್ನುತ್ತದೆ, ನಿಜವಾದದ್ದು 6.65. 60 ಡಿಗ್ರಿಗೆ ಹೋದರೆ ಮಾತ್ರ ಎಡವಟ್ಟು: ಲೆಕ್ಕ 40 ಅನ್ನುತ್ತದೆ, ಬೆಳಕು 35.3ರಲ್ಲಿ ಹೋಗುತ್ತದೆ.

ತಮಾಷೆ ಅಂದರೆ, ಖಗೋಳಶಾಸ್ತ್ರಜ್ಞ ಕೆಪ್ಲರ್ 1611ರಲ್ಲೇ ಈ ಒರಟು ಲೆಕ್ಕ ಬಳಸಿದ್ದ. ಸೈನ್ ನಿಯಮ ಅವನಿಗೆ ಗೊತ್ತೇ ಇರಲಿಲ್ಲ. ಸ್ನೆಲ್ ಅದನ್ನು ಕಂಡುಕೊಂಡಿದ್ದು 1621ರಲ್ಲಿ. ಕೆಪ್ಲರ್ ಮಾತ್ರ, 30 ಡಿಗ್ರಿಯ ಒಳಗೆ ಗಾಜು ಕಿರಣವನ್ನು ಅದು ಬಂದ ಕೋನದ ಮೂರನೇ ಒಂದು ಭಾಗದಷ್ಟು ತಿರುಗಿಸುತ್ತದೆ ಅಂತ ಹಿಡಿದುಕೊಂಡ. ಹಾಗೆ ತಿರುಗಿದ ಮೇಲೆ ಉಳಿಯುವುದು ಮೂರರಲ್ಲಿ ಎರಡು ಭಾಗ; 1.5ರಿಂದ ಭಾಗಿಸುವುದೂ ಅದೇ ತಾನೇ! ಅಷ್ಟರಲ್ಲೇ ದೂರದರ್ಶಕದ ಮಸೂರಗಳನ್ನು ವಿವರಿಸಿಬಿಟ್ಟ.

ಈಗ ನನ್ನ ಹಾಳೆಗೆ ಬರೋಣ. ಒಂದು ದಪ್ಪ ಗಾಜಿನ ಸರಳು, ಅದರ ತುದಿಯನ್ನು 10 ಸೆಂ.ಮೀ. ತ್ರಿಜ್ಯದ ಗೋಳದ ಹಾಗೆ ಉಜ್ಜಿದೆ ಅಂದುಕೊಳ್ಳಿ. ಸರಳಿನ ನಟ್ಟನಡುವೆ ಉದ್ದಕ್ಕೂ ಹೋಗುವ ಗೆರೆ, ಅಂದರೆ ಅಕ್ಷಕ್ಕೆ ಸಮಾನಾಂತರವಾಗಿ ಕಿರಣಗಳು ಬರುತ್ತಿವೆ. ಸುಲಭದ ಲೆಕ್ಕದ ಪ್ರಕಾರ ಎಲ್ಲವೂ ತುದಿಯಿಂದ 30 ಸೆಂ.ಮೀ. ಒಳಗೆ ಸೇರಬೇಕು. ಅಕ್ಷದಿಂದ 1 ಸೆಂ.ಮೀ. ಮೇಲೆ ಬಂದ ಕಿರಣ 29.93ರಲ್ಲಿ ಅಕ್ಷ ಮುಟ್ಟುತ್ತದೆ. ಅದಕ್ಕೆ ಯಾರೂ ಜಗಳ ತೆಗೆಯುವುದಿಲ್ಲ. 5 ಸೆಂ.ಮೀ. ಮೇಲೆ ಬಂದದ್ದು 28.24ರಲ್ಲೇ ಮುಟ್ಟಿಬಿಡುತ್ತದೆ. ಸೈನ್ ಕೈಬಿಟ್ಟಾಗ ಕಿರಣದ ಎತ್ತರ ಲೆಕ್ಕದಿಂದಲೇ ಹೊಡೆದುಹೋಗುತ್ತದೆ. ಎಲ್ಲ ಎತ್ತರಕ್ಕೂ ಒಂದೇ ಉತ್ತರ ಬರುವುದು ಅದಕ್ಕೇ. ಗೋಳದ ಮೈಯ ಮಸೂರಕ್ಕೆ 'ಸಂಗಮಬಿಂದು' ಅನ್ನುವ ಒಂದೇ ಚುಕ್ಕೆ ಸಿಕ್ಕಿದ್ದು ಹೀಗೆ. ಬೆಳಕು ಆ ಚುಕ್ಕೆಯನ್ನು ಪೂರ್ತಿ ಒಪ್ಪುವುದಿಲ್ಲ. ಈ ತಕರಾರಿಗೆ ಗೋಳೀಯ ವಿಪಥನ ಅಂತ ಹೆಸರು.

ದಪ್ಪನೆಯ ಭೂತಗನ್ನಡಿ ಇದ್ದರೆ ನೋಡಬಹುದು. ದೂರದ ದೀಪದ ಬಿಂಬವನ್ನು ಗೋಡೆ ಮೇಲೆ ಬೀಳಿಸಿ. ನಡುವೆ ತೂತಿರುವ ಕಪ್ಪು ಕಾಗದದಿಂದ ಮಸೂರದ ಅಂಚು ಮುಚ್ಚಿದರೆ ಬಿಂಬ ಮಂಕಾಗುತ್ತದೆ, ಆದರೆ ಚೊಕ್ಕವಾಗುತ್ತದೆ. ಆಮೇಲೆ ನಡುಭಾಗ ಮುಚ್ಚಿ ಅಂಚನ್ನು ಮಾತ್ರ ಬಿಡಿ. ಬಿಂಬ ಸರಿಯಾಗಬೇಕಾದರೆ ಮಸೂರವನ್ನು ಗೋಡೆಗೆ ಸ್ವಲ್ಪ ಹತ್ತಿರ ಒಯ್ಯಬೇಕು. ನನ್ನ ತೂತು ಬಿದ್ದ ಹಾಳೆಯಲ್ಲೂ ಅಂಚಿನ ಕಿರಣಗಳು ಹೀಗೇ ಮಸೂರಕ್ಕೆ ಹತ್ತಿರದಲ್ಲೇ ಸೇರಿದ್ದವು.