ಮುರಕಲ್ಲಿನ ಗೋಡೆಗೆ ಯಾವ ಲಿಕ್ವಿಡ್ ಗ್ಲಾಸ್?

ಮುರಕಲ್ಲಿನ (ಲ್ಯಾಟರೈಟ್ ಎಂಬ ಕೆಂಪು ಕಲ್ಲಿನ) ಗೋಡೆಗೆ ಸಾರಣೆ ಮಾಡದೆ, ಕಲ್ಲು ಕಾಣುವ ಹಾಗೆ ಬಿಡುವುದು ಕಾಸರಗೋಡಿನ ಕಡೆ ಈಗ ಜಾಸ್ತಿಯಾಗಿದೆ. ನೋಡಲು ಚಂದ, ನಿಜ. ಆದರೆ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಜಿಲ್ಲೆ ಇದು. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬರುತ್ತದೆ. ಪಡುವಣ ಗಾಳಿಗೆ ಎದುರಾದ ಗೋಡೆ ಆಟಿ ತಿಂಗಳ ಹೊತ್ತಿಗೆ ಕಪ್ಪಾಗುತ್ತದೆ, ಹಾವಸೆ ಹಿಡಿಯುತ್ತದೆ, ಒಳಗಡೆ ತೇವ ಒಸರುತ್ತದೆ. ಆಗ ಕೇಳಿಬರುವ ಸಲಹೆ: ‘ಲಿಕ್ವಿಡ್ ಗ್ಲಾಸ್ ಹೊಡೆಸಿ.’

ಹೊಡೆಸುವ ಮೊದಲು ಒಂದು ವಿಷಯ ತಿಳಿದಿರಬೇಕು. ಈ ಹೆಸರಿನಲ್ಲಿ ಮೇಲ್ಮೈಗೆ ಬಳಿಯುವ ಬೇರೆ ಬೇರೆ ದ್ರವಗಳು ಮಾರಾಟವಾಗುತ್ತವೆ. ಕಾಂಕ್ರೀಟಿಗೆ ಒಳ್ಳೆಯದಾದದ್ದು ಮುರಕಲ್ಲಿಗೆ ಆಗುವುದಿಲ್ಲ.

ಹಳೆಯದು ಸೋಡಿಯಂ ಸಿಲಿಕೇಟ್. ಮರಳು ಮತ್ತು ಸೋಡಾವನ್ನು 1,000 ಡಿಗ್ರಿಗೂ ಮೇಲೆ ಕರಗಿಸಿದರೆ ಒಂದು ಬಗೆಯ ಗಾಜು ಸಿಗುತ್ತದೆ. ಕಿಟಕಿಯ ಗಾಜಿನಲ್ಲಿರುವ ಸುಣ್ಣದ ಅಂಶ ಇದರಲ್ಲಿಲ್ಲ. ಅದಕ್ಕೇ ಇದು ನೀರಿನಲ್ಲಿ ಕರಗುತ್ತದೆ. ಜರ್ಮನಿಯ ಯೋಹಾನ್ ಫುಕ್ಸ್ 19ನೇ ಶತಮಾನದ ಆರಂಭದಲ್ಲಿ ಇದನ್ನು ಜಗತ್ತಿಗೆ ಪರಿಚಯಿಸಿದರು. ಮರಕ್ಕೆ ಬೇಗ ಬೆಂಕಿ ಹಿಡಿಯದಂತೆ ಇದನ್ನು ಬಳಿಯುತ್ತಿದ್ದರು. ಫ್ರಿಜ್ ಇಲ್ಲದ ಕಾಲದಲ್ಲಿ ಯುರೋಪಿನ ಮನೆಗಳಲ್ಲಿ ಮೊಟ್ಟೆಗಳನ್ನು ಇದರಲ್ಲಿ ಮುಳುಗಿಸಿ ತಿಂಗಳುಗಟ್ಟಲೆ ಇಡುತ್ತಿದ್ದರು. ರಟ್ಟಿನ ಪೆಟ್ಟಿಗೆಯ ಅಂಟಿನಲ್ಲಿ, ಸೋಪಿನ ಪುಡಿಯಲ್ಲಿ ಇವತ್ತಿಗೂ ಇದು ಇದೆ.

ಕಾಂಕ್ರೀಟಿನ ಮೇಲೆ ಇದರ ಕೆಲಸ ನಿಜಕ್ಕೂ ಸೊಗಸು. ಸಿಮೆಂಟ್ ಗಟ್ಟಿಯಾಗುವಾಗ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅಂದರೆ ಅರಳಿದ ಸುಣ್ಣ, ಅದರೊಳಗೆ ಉಳಿಯುತ್ತದೆ. ಸಿಲಿಕೇಟ್ ದ್ರಾವಣ ರಂಧ್ರಕ್ಕೆ ಇಳಿದು ಈ ಸುಣ್ಣವನ್ನು ಸೇರಿದಾಗ ಕರಗದ ಹೊಸ ಜೆಲ್ ಹುಟ್ಟುತ್ತದೆ. ಸಿಮೆಂಟಿಗೆ ಬಲ ಕೊಡುವುದೂ ಇಂಥದೇ ಜೆಲ್. ರಂಧ್ರ ತುಂಬುತ್ತದೆ, ಮೇಲ್ಮೈ ಗಟ್ಟಿಯಾಗುತ್ತದೆ, ಧೂಳು ಏಳುವುದು ನಿಲ್ಲುತ್ತದೆ.

ಈಗ ಮುರಕಲ್ಲಿಗೆ ಬರೋಣ. 1807ರಲ್ಲಿ ಪ್ರಕಟವಾದ ಫ್ರಾನ್ಸಿಸ್ ಬುಕಾನನ್ ಅವರ ಪ್ರವಾಸ ಕಥನದಲ್ಲಿ ಮಲಪ್ಪುರಂ ಜಿಲ್ಲೆಯ ಅಂಗಾಡಿಪುರದ ಈ ಕಲ್ಲಿನ ವರ್ಣನೆಯಿದೆ. ಕಡಿಯುವಾಗ ಮೆತ್ತಗಿದ್ದು, ಗಾಳಿಗೆ ಬಿಟ್ಟಾಗ ಗಟ್ಟಿಯಾಗುವ ಗುಣ ಅವರ ಗಮನ ಸೆಳೆದಿತ್ತು. ಇದು ಮಳೆಯೇ ಮಾಡಿದ ಕಲ್ಲು. ಲಕ್ಷಾಂತರ ವರ್ಷ ಬಿಸಿಲು, ಮಳೆಗೆ ಸಿಕ್ಕಿದ ಬಂಡೆಯಿಂದ ಸುಣ್ಣದ ಅಂಶ ತೊಳೆದು ಹೋಗಿದೆ. ಸಿಲಿಕಾದ ದೊಡ್ಡ ಪಾಲೂ ಹೋಗಿದೆ. ಉಳಿದದ್ದು ಕಬ್ಬಿಣ, ಅಲ್ಯೂಮಿನಿಯಂ ಆಕ್ಸೈಡ್ ಮತ್ತು ಸ್ವಲ್ಪ ಜೇಡಿ. ಒಳಗೆಲ್ಲ ತೂತು. ಎಣ್ಮಕಜೆ, ಪೆರ್ಲದ ಕಡೆ ಗುಡ್ಡ ಕೊರೆದು ಸುರಂಗ ತೋಡಿದರೆ ನೀರು ಒಸರುವುದು ಈ ನೆಲ ನೀರನ್ನು ಒಳಗೆ ಬಿಟ್ಟುಕೊಳ್ಳುವುದರಿಂದ. ಗೋಡೆಯಾದಾಗ ಅದೇ ಗುಣ ನಮಗೆ ತೊಂದರೆ ಕೊಡುತ್ತದೆ, ಅಷ್ಟೇ.

ಸುಣ್ಣವೇ ಇಲ್ಲದ ಕಲ್ಲಿನಲ್ಲಿ ಸೋಡಿಯಂ ಸಿಲಿಕೇಟಿಗೆ ಜೊತೆ ಸೇರಲು ಏನಿದೆ? ಅದು ಮೇಲೆ ಒಣಗಿ ಕೂರುತ್ತದೆ. ಮಳೆಗೆ ಮತ್ತೆ ಮೆತ್ತಗಾಗಬಹುದು. ಅದರ ಸೋಡಿಯಂ ಗಾಳಿಯ ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಬಿಳಿ ಉಪ್ಪಾಗಿ ಕಾಣಿಸಿಕೊಳ್ಳುತ್ತದೆ. ಕೆಂಪು ಕಲ್ಲಿನ ಮೇಲೆ ಆ ಬಿಳಿ ಕಲೆ ಚೆನ್ನಾಗಿರುವುದಿಲ್ಲ.

ಮುರಕಲ್ಲಿಗೆ ಬೇಕಾದದ್ದು ಸಿಲೇನ್ ಅಥವಾ ಸಿಲಾಕ್ಸೇನ್ ಬಗೆಯದು, ಅಂದರೆ ನೀರನ್ನು ದೂರ ಇಡುವ ಸಿಲಿಕಾನ್ ಸಂಯುಕ್ತ. ಸುಮ್ನೆ ಗಾಜಿನ ಪದರ ಕೂರಿಸಿದರೆ ನೀರು ದೂರ ಹೋಗುವುದಿಲ್ಲ. ಶುದ್ಧವಾದ ಗಾಜಿನ ಮೇಲೆ ನೀರು ಹನಿಯಾಗಿ ನಿಲ್ಲದೆ ಹರಡುತ್ತದೆ, ಅಲ್ವಾ? ಸಿಲೇನ್ ಅಣುವಿನ ಒಂದು ತುದಿ ಕಲ್ಲನ್ನು ಹಿಡಿದುಕೊಳ್ಳುತ್ತದೆ. ಇನ್ನೊಂದು ತುದಿಯಲ್ಲಿರುವ ಇಂಗಾಲದ ಬಾಲ ನೀರನ್ನು ಒಲ್ಲದು. ಕೆಸುವಿನ ಎಲೆಯ ಮೇಲಿನ ಹಾಗೆ ನೀರು ಉಂಡೆಯಾಗಿ ಜಾರುತ್ತದೆ.

ಇದರ ಹಿಂದೆ ಒಂದು ಲೆಕ್ಕವಿದೆ. ಸೂಕ್ಷ್ಮ ರಂಧ್ರ ತಾನಾಗಿಯೇ ನೀರನ್ನು ಹೀರುತ್ತದೆ. ರಂಧ್ರ ಸಣ್ಣದಾದಷ್ಟೂ ನೀರು ಎತ್ತರಕ್ಕೆ ಏರುತ್ತದೆ. ಮಿಲಿಮೀಟರಿನ ನೂರನೇ ಒಂದು ಪಾಲು ತ್ರಿಜ್ಯದ ನಳಿಗೆಯಲ್ಲಿ ಅದು ಸುಮಾರು ಒಂದೂವರೆ ಮೀಟರ್ ಏರಬಲ್ಲದು. ರಂಧ್ರದ ಗೋಡೆ ನೀರನ್ನು ಒಲ್ಲದಂತಾದರೆ ಇದೇ ಬಲ ತಿರುಗುತ್ತದೆ, ನೀರನ್ನು ಹೊರಗೆ ತಳ್ಳುತ್ತದೆ. ರಂಧ್ರ ಮಾತ್ರ ತೆರೆದೇ ಇರುತ್ತದೆ. ಒಳಗಿನ ತೇವ ಆವಿಯಾಗಿ ಹೊರಗೆ ಹೋಗಬಹುದು. ನಮ್ಮ ಊರಿಗೆ ಇದು ಬಹಳ ಮುಖ್ಯ. ಉಸಿರಾಡದ ದಪ್ಪ ಪೈಂಟ್ ಬಳಿದರೆ ಪಂಚಾಂಗದಿಂದ ಏರಿದ ತೇವ ಒಳಗೇ ಸಿಕ್ಕಿಕೊಂಡು ಗುಳ್ಳೆ ಏಳುತ್ತದೆ.

ಕಾರಿಗೆ, ಮೊಬೈಲ್ ಪರದೆಗೆ ಹಚ್ಚುವ ಲಿಕ್ವಿಡ್ ಗ್ಲಾಸ್ ಕೂಡ ಸಿಲಿಕಾನ್ ಕುಟುಂಬದ್ದೇ, ತೀರಾ ತೆಳು ಪದರ. ಅದರ ಮೇಲೆ ಬರೆದಿರುವ ‘9ಎಚ್’ ಪೆನ್ಸಿಲಿನ ಗಟ್ಟಿತನದ ಅಳತೆ. ಖನಿಜಗಳ ಮೋಸ್ ಅಳತೆಯ 9 ಅಲ್ಲ. ಮರಳು ಅದನ್ನು ಗೀಚುತ್ತದೆ.

ತಾರಸಿಯ ಮಾತು ಬೇರೆ. ಸಿಲೇನ್ ಹೊಡೆದ ಮಾತ್ರಕ್ಕೆ ನಿಂತ ನೀರಿನ ಒತ್ತಡ ತಡೆಯಲಾಗುವುದಿಲ್ಲ, ಬಿರುಕು ಮುಚ್ಚುವುದಿಲ್ಲ. ಅಲ್ಲಿ ಮೊದಲು ಬಿರುಕು ರಿಪೇರಿ ಮಾಡಬೇಕು, ನೀರು ಹರಿಯಲು ಇಳಿಜಾರು ಸರಿ ಮಾಡಬೇಕು. ತಾರಸಿಗೆಂದು ಇದೇ ಹೆಸರಲ್ಲಿ ಬರುವ ಪಾರದರ್ಶಕ ಪಾಲಿಯುರಿಥೇನ್ ಒಂದು ಪ್ಲಾಸ್ಟಿಕ್ ಪದರ. ಅದು ಹಿಗ್ಗಬಲ್ಲದು, ಆದರೆ ಗಾಜಲ್ಲ.

ಗೋಡೆಗೆ ಹೊಡೆಯಲು ಜನವರಿಯಿಂದ ಏಪ್ರಿಲ್ ಒಳ್ಳೆಯ ಕಾಲ. ಹಾವಸೆ ಉಜ್ಜಿ ತೆಗೆದು, ಕಲ್ಲು ಪೂರ್ತಿ ಒಣಗಲು ಬಿಡಬೇಕು. ತೇವ ತುಂಬಿದ ರಂಧ್ರದಲ್ಲಿ ಸಿಲೇನ್ ಆಳಕ್ಕೆ ಇಳಿಯುವುದಿಲ್ಲ. ಕಿಟಕಿ ಗಾಜು ಮುಚ್ಚಿ, ಕೈಗವಸು, ಕನ್ನಡಕ ಹಾಕಿಕೊಂಡೇ ಕೆಲಸ ಮಾಡಬೇಕು. ಮೇಸ್ತ್ರಿಯವರಿಗೂ ಅದನ್ನು ಕೊಡಿಸಿ.

ಡಬ್ಬಿ ಕೊಳ್ಳುವ ಮೊದಲು ಸಣ್ಣ ಮಾದರಿ ತರಿಸಿ. ಒಂದೇ ಮುರಕಲ್ಲನ್ನು ಎರಡು ತುಂಡು ಮಾಡಿ ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ. ಒಂದಕ್ಕೆ ಎಲ್ಲ ಬದಿಗೂ ಹಚ್ಚಿ ವಾರ ಬಿಡಿ. ಆಮೇಲೆ ಎರಡನ್ನೂ ತೂಗಿ, ಬೆರಳು ದಪ್ಪ ನೀರಿರುವ ತಟ್ಟೆಯಲ್ಲಿ ಒಂದು ರಾತ್ರಿ ನಿಲ್ಲಿಸಿ, ಬೆಳಿಗ್ಗೆ ಮತ್ತೆ ತೂಗಿ. ಹಚ್ಚಿದ ತುಂಡೂ ಹಚ್ಚದ್ದರಷ್ಟೇ ನೀರು ಕುಡಿದಿದ್ದರೆ ಆ ಡಬ್ಬಿ ನಿಮ್ಮ ಗೋಡೆಗೆ ಬೇಡ.