‘ಅಭಿನಯ ಚೆನ್ನಾಗಿತ್ತು’ ಅಂದರೆ ಸಾಕೇ?

ಉಡುಪಿಯಲ್ಲಿ ನಾಟಕ ನೋಡುವವರಿಗೆ ಕೊರತೆ ಇಲ್ಲ. ಆದರೆ ವಿದ್ಯಾರ್ಥಿಗಳು ಬರೆದ ವಿಮರ್ಶೆ ತಿದ್ದಲು ಕೂತರೆ ಮತ್ತೆ ಮತ್ತೆ ಸಿಗುವುದು ಒಂದೇ ಸಾಲು: ‘ಅಭಿನಯ ಚೆನ್ನಾಗಿತ್ತು, ರಂಗಸಜ್ಜಿಕೆ ಸೊಗಸಾಗಿತ್ತು.’ ಇಷ್ಟು ಬರೆಯಲು ನಾಟಕ ನೋಡಲೇಬೇಕೆಂದಿಲ್ಲ, ಅಲ್ವಾ?

ಯಾವ ಅಭಿನಯ ಎಂದು ಮೊದಲು ಕೇಳುತ್ತೇನೆ. ನಾಟ್ಯಶಾಸ್ತ್ರದಲ್ಲಿ ನಾಲ್ಕು ಬಗೆ ಇದೆ. ಮೈಯಿಂದ ಮಾಡುವುದು ಆಂಗಿಕ, ಮಾತಿನದು ವಾಚಿಕ, ಒಳಗಿನ ಭಾವ ಕಣ್ಣೀರು, ನಡುಕವಾಗಿ ಹೊರಬಂದರೆ ಸಾತ್ವಿಕ. ವೇಷಭೂಷಣ, ಬಣ್ಣಗಾರಿಕೆ ಆಹಾರ್ಯ. ಯಕ್ಷಗಾನದಲ್ಲಿ ಬಣ್ಣದ ವೇಷ ರಂಗಸ್ಥಳಕ್ಕೆ ಬಂದರೆ ರಾಕ್ಷಸ ಎಂದು ನಮ್ಮ ಮಕ್ಕಳಿಗೂ ಗೊತ್ತಾಗುತ್ತದೆ. ಅದು ಅರ್ಥ ಹೇಳುವ, ಅಂದರೆ ಮಾತಾಡುವ ಮೊದಲೇ!

ನಾನು ಜಾಸ್ತಿ ಹೊತ್ತು ಕಲಿಸುವುದು ನಾಟಕೀಯ ವ್ಯಂಗ್ಯ. ಪಾತ್ರಕ್ಕೆ ಗೊತ್ತಿಲ್ಲದ್ದು ಪ್ರೇಕ್ಷಕರಿಗೆ ಗೊತ್ತಿರುತ್ತದೆ. ಯಕ್ಷಗಾನದ ಆಟ ನೋಡಿ ಬೆಳೆದವರಿಗೆ ಕೀಚಕವಧೆಯೇ ಸಾಕು. ಸೈರಂಧ್ರಿ ಕಾಯುತ್ತಿದ್ದಾಳೆ ಎಂದುಕೊಂಡು ಕೀಚಕ ಕತ್ತಲಲ್ಲಿ ನಾಟ್ಯಶಾಲೆಗೆ ಬರುತ್ತಾನೆ. ಒಳಗಿರುವುದು ಭೀಮ. ಕೀಚಕ ಸರಸದ ಮಾತಾಡಿದಷ್ಟೂ ನಮಗೆ ನಗು, ಜೊತೆಗೆ ಸಣ್ಣ ಹೆದರಿಕೆ. ಗ್ರೀಕ್ ನಾಟಕಕಾರ ಸೊಫೋಕ್ಲಿಸನ ನಾಟಕದಲ್ಲಿ ಈಡಿಪಸ್, ಹಿಂದಿನ ರಾಜನ ಕೊಲೆಗಾರನಿಗೆ ಶಾಪ ಹಾಕುವಾಗ ನಗು ಬರುವುದಿಲ್ಲ, ಬರೀ ಹೆದರಿಕೆ. ಆ ಕೊಲೆಗಾರ ತಾನೇ ಎಂದು ಅವನಿಗೆ ಗೊತ್ತಿಲ್ಲ. ‘ಇಲ್ಲಿ ವ್ಯಂಗ್ಯ ಇದೆ’ ಎಂದು ಸುಮ್ನೆ ಬರೆದರೆ ನಾನು ಅಂಕ ಕೊಡುವುದಿಲ್ಲ. ಆ ಗಳಿಗೆಯನ್ನು ಎಷ್ಟು ಎಳೆದರು? ಭೀಮನ ಮುಖ ನಮಗೆ ಕಾಣುವಂತೆ ಕೂರಿಸಿದ್ದರೇ? ಅದನ್ನು ಬರೆಯಿರಿ.

ಹಾಗೆ ಕೂರಿಸುವ, ನಿಲ್ಲಿಸುವ, ನಡೆಸುವ ಲೆಕ್ಕಕ್ಕೆ ತಾಲೀಮಿನಲ್ಲಿ ಬ್ಲಾಕಿಂಗ್ ಅನ್ನುತ್ತೇವೆ. ಟಿಪ್ಪಣಿ ಮಾಡುವಾಗ ಒಂದು ಎಚ್ಚರ ಬೇಕು. ರಂಗದ ಬಲ, ಎಡ ಅಂದರೆ ಪ್ರೇಕ್ಷಕರತ್ತ ಮುಖ ಮಾಡಿದ ನಟನ ಬಲ, ಎಡ. ನಿಮ್ಮದಲ್ಲ. ಅಪ್‌ಸ್ಟೇಜ್ ಅಂದರೆ ರಂಗದ ಹಿಂಭಾಗ, ಡೌನ್‌ಸ್ಟೇಜ್ ಅಂದರೆ ಪ್ರೇಕ್ಷಕರ ಹತ್ತಿರದ ಭಾಗ.

ಸ್ವಗತ, ಸಂಘರ್ಷ, ಪರಾಕಾಷ್ಠೆ ಎಲ್ಲ ಪಠ್ಯದಲ್ಲೇ ಇವೆ, ಬಿಡಿ. ಅಲ್ಲಿ ಸುಲಭವಾಗಿ ಸಿಗದಿರುವುದು ಮಾತಿನ ಒಳಾರ್ಥ. ‘ಊಟ ಮಾಡಿಕೊಂಡೇ ಹೋಗಿ’ ಎನ್ನುತ್ತಾ ನಟಿ ಬಾಗಿಲ ಕಡೆ ಎರಡು ಹೆಜ್ಜೆ ಹಾಕುತ್ತಾಳೆ ಅನ್ನಿ. ಮಾತು ಕೂರಿಸುತ್ತದೆ, ಹೆಜ್ಜೆ ಎಬ್ಬಿಸುತ್ತದೆ. ನಾಟಕದ ಪುಸ್ತಕದಲ್ಲಿ ಆ ಎರಡು ಹೆಜ್ಜೆ ಇಲ್ಲದಿರಬಹುದು. ಹಾಗಿದ್ದರೆ ಅದು ನಿರ್ದೇಶಕರ ಓದು. ನಿಮ್ಮ ವಿಮರ್ಶೆಯನ್ನು ಅಲ್ಲಿಂದಲೇ ಶುರು ಮಾಡಬಹುದು.