ಎರಡು ಲಕ್ಷ ಖರ್ಚಾಯಿತು, ಮಗಳು ಮೊದಲ ಸುತ್ತಿನಲ್ಲೇ ಸೋಲುತ್ತಾಳೆ: ಬ್ಯಾಡ್ಮಿಂಟನ್ ಮುಂದುವರಿಸಬೇಕಾ, ಬಿಡಿಸಬೇಕಾ?

ಪ್ರಶ್ನೆ: ನಮ್ಮ ಮಗಳಿಗೆ ಹನ್ನೊಂದು ವರ್ಷ. ಎರಡು ವರ್ಷದಿಂದ ಬೆಂಗಳೂರಿನ ಒಂದು ಅಕಾಡೆಮಿಯಲ್ಲಿ ಬ್ಯಾಡ್ಮಿಂಟನ್ ಕಲಿಯುತ್ತಿದ್ದಾಳೆ. ಇದುವರೆಗೆ ಹತ್ತಿರ ಹತ್ತಿರ ಎರಡು ಲಕ್ಷ ಖರ್ಚಾಗಿದೆ. ರಾಜ್ಯ ಮಟ್ಟದ ಟೂರ್ನಮೆಂಟ್‌ಗಳಲ್ಲಿ ಹೆಚ್ಚಾಗಿ ಮೊದಲ ಸುತ್ತಿನಲ್ಲೇ ಸೋಲುತ್ತಾಳೆ. ಕೋಚ್ ಮಾತ್ರ "ಅಡ್ವಾನ್ಸ್ಡ್ ಬ್ಯಾಚ್‌ಗೆ ಹಾಕಿ, ಟೂರ್ನಮೆಂಟ್ ಜಾಸ್ತಿ ಆಡಿಸಿ" ಅನ್ನುತ್ತಿದ್ದಾರೆ. ಇಷ್ಟು ದುಡ್ಡು ಹಾಕಿದ ಮೇಲೆ ಬಿಡಿಸೋಕೂ ಮನಸ್ಸಿಲ್ಲ. ಏನು ಮಾಡಬೇಕು?

ಉತ್ತರ: ಮೊದಲ ಸುತ್ತಿನ ಸೋಲಿನಿಂದಲೇ ಶುರು ಮಾಡೋಣ. ಹೆಚ್ಚಿನ ಅಪ್ಪ ಅಮ್ಮಂದಿರ ಲೆಕ್ಕ ತಪ್ಪುವುದು ಇಲ್ಲೇ.

64 ಮಕ್ಕಳ ನಾಕೌಟ್ ಡ್ರಾ, ಅಂದರೆ ಒಮ್ಮೆ ಸೋತರೆ ಹೊರಗೆ ಎನ್ನುವ ಪಂದ್ಯಪಟ್ಟಿ, ತೆಗೆದುಕೊಳ್ಳಿ. ಮೊದಲ ಸುತ್ತು ಮುಗಿಯುವಷ್ಟರಲ್ಲಿ 32 ಮಕ್ಕಳು ಬ್ಯಾಗ್ ಕಟ್ಟಿರುತ್ತಾರೆ. ಇಡೀ ಟೂರ್ನಮೆಂಟ್‌ನಲ್ಲಿ ನಡೆಯುವುದು 63 ಪಂದ್ಯ. ಪಂದ್ಯಕ್ಕೆ ಇಬ್ಬರಂತೆ 126 ಸಲ ಯಾರಾದರೊಬ್ಬರು ಕೋರ್ಟಿಗೆ ಇಳಿಯುತ್ತಾರೆ. ಅದನ್ನು 64ರಿಂದ ಭಾಗಿಸಿದರೆ ತಲೆಗೆ ಎರಡು ಪಂದ್ಯವೂ ಪೂರ್ತಿ ಸಿಗುವುದಿಲ್ಲ. 128 ಮಕ್ಕಳ ಡ್ರಾ ಆದರೂ ಇದೇ ಲೆಕ್ಕ. ಇದರ ಮೇಲೆ ಸೀಡಿಂಗ್ ಬೇರೆ, ಅಂದರೆ ಬಲಿಷ್ಠರು ಮೊದಲೇ ಒಬ್ಬರಿಗೊಬ್ಬರು ಎದುರಾಗದಂತೆ ಅವರನ್ನು ಡ್ರಾದಲ್ಲಿ ದೂರ ದೂರ ಇಡುವುದು. 64 ಮಕ್ಕಳ ಡ್ರಾದಲ್ಲಿ 16 ಸೀಡ್ ಇದ್ದರೆ ಉಳಿದ 48 ಮಕ್ಕಳಲ್ಲಿ 16 ಮಂದಿಗೆ, ಅಂದರೆ ಮೂವರಲ್ಲಿ ಒಬ್ಬರಿಗೆ, ಮೊದಲ ಪಂದ್ಯವೇ ಸೀಡ್ ಆದವರ ಎದುರು. ರ‍್ಯಾಂಕಿಂಗ್ ಪಾಯಿಂಟ್ ಇಲ್ಲದ ಹೊಸಬರಿಗೆ ಈ ಪಾಡು ಒಂದೆರಡು ವರ್ಷ ಇದ್ದದ್ದೇ. ಹಾಗಾಗಿ ಮೊದಲ ಸುತ್ತಿನಲ್ಲಿ ಸೋತಳು ಎಂಬ ಒಂದೇ ಮಾತಿನಿಂದ ನಿಮ್ಮ ಮಗಳ ಆಟದ ಬಗ್ಗೆ ಏನೂ ಗೊತ್ತಾಗುವುದಿಲ್ಲ. ಯಾರೆದುರು ಸೋತಳು, ಎಷ್ಟು ಪಾಯಿಂಟ್ ತೆಗೆದಳು, ಆರು ತಿಂಗಳ ಹಿಂದೆ ಅದೇ ಮಟ್ಟದ ಹುಡುಗಿಯ ಎದುರು 21-6 ಆಗಿದ್ದದ್ದು ಈಗ 21-15 ಆಗಿದೆಯಾ ಎಂದು ನೋಡಿ. ಒಂದು ನೋಟ್‌ಬುಕ್‌ನಲ್ಲಿ ಸ್ಕೋರ್‌ಗಳನ್ನಷ್ಟೇ ಬರೆದಿಡಿ.

ಅವಳು ಹುಟ್ಟಿದ ತಿಂಗಳನ್ನೂ ಗಮನಿಸಿ. ವಯೋಮಿತಿ ಲೆಕ್ಕ ಜನವರಿ 1ರಿಂದ. ಡಿಸೆಂಬರ್‌ನಲ್ಲಿ ಹುಟ್ಟಿದ ಮಗು ಅದೇ ವರ್ಷದ ಜನವರಿಯಲ್ಲಿ ಹುಟ್ಟಿದವಳ ಎದುರು ಆಡುವಾಗ ಹೆಚ್ಚುಕಡಿಮೆ ಒಂದು ವರ್ಷ ಚಿಕ್ಕವಳು. ಹನ್ನೊಂದರ ವಯಸ್ಸಿನಲ್ಲಿ ಒಂದು ವರ್ಷ ಎಂದರೆ ಐದಾರು ಸೆಂಟಿಮೀಟರ್ ಎತ್ತರ, ಅದಕ್ಕೆ ತಕ್ಕ ಕೈಯಳತೆ. ಹೆಣ್ಣುಮಕ್ಕಳು ಸರ್ರನೆ ಬೆಳೆಯುವುದು ಹನ್ನೊಂದು ಹನ್ನೆರಡರ ಆಸುಪಾಸಿನಲ್ಲಿ. ಬೇಗ ಬೆಳೆದ ಹುಡುಗಿ ಈಗ ಬರೀ ಶಕ್ತಿಯಿಂದ ಗೆಲ್ಲುತ್ತಿರಬಹುದು. ಹದಿನೈದಕ್ಕೆ ಉಳಿದವರೂ ಅವಳ ಎತ್ತರಕ್ಕೆ ಬಂದಾಗ ಆ ಅಂತರ ಕರಗುತ್ತದೆ. ಅಂಡರ್-13 ಫಲಿತಾಂಶ ನೋಡಿ ಭವಿಷ್ಯ ಹೇಳುವವರ ಮಾತಿಗೆ, ಅವರು ಕೋಚ್ ಆಗಿದ್ದರೂ, ಬೆಲೆ ಕೊಡಬೇಡಿ.

ಇನ್ನು ದುಡ್ಡು. ಅಡ್ವಾನ್ಸ್ಡ್ ಬ್ಯಾಚ್ ಎಂದಾಗ ಕಣ್ಣಿಗೆ ಕಾಣುವುದು ಫೀಸು ಮಾತ್ರ. ಕೆಳಗಿನದು ಮಾದರಿ ಲೆಕ್ಕ, ನಿಮ್ಮ ಊರಿನ, ನಿಮ್ಮ ಅಕಾಡೆಮಿಯ ದರ ಹಾಕಿಕೊಂಡು ನೋಡಿ. ಫೀಸು ತಿಂಗಳಿಗೆ 8,000 ಎಂದರೆ ವರ್ಷಕ್ಕೆ 96,000. ಗರಿಯ ಶಟಲ್ ಕಾಕ್ ನಿಮ್ಮ ಪಾಲಿಗೆ ತಿಂಗಳಿಗೆ ಮೂರು ಡಬ್ಬ, ಡಬ್ಬಕ್ಕೆ 1,500 ಎಂದಿಟ್ಟುಕೊಂಡರೆ 54,000. ಗಟ್ಟಿಂಗ್, ಅಂದರೆ ಬಲೆಯ ತಂತಿ ಹೊಸದಾಗಿ ಕಟ್ಟಿಸುವುದು, ತಿಂಗಳಿಗೆ ಎರಡು ಸಲ, ಸಲಕ್ಕೆ 600ರಂತೆ 14,400. ನಾನ್ ಮಾರ್ಕಿಂಗ್ ಶೂ ವರ್ಷಕ್ಕೆ ಮೂರು ಜೊತೆ, 13,500. ಒಂದು ಜೊತೆಯ ಅಟ್ಟೆ ಸವೆಯುತ್ತದೆ, ಇನ್ನೊಂದು ಜೊತೆ ಕಾಲಿಗೆ ಚಿಕ್ಕದಾಗುತ್ತದೆ. ರ‍್ಯಾಕೆಟ್ ಎರಡು, 12,000. ರಾಜ್ಯದೊಳಗಿನ ಎಂಟು ಟೂರ್ನಮೆಂಟ್, ಎಂಟ್ರಿ ಫೀಸು, ಇಬ್ಬರ ಬಸ್ಸು, ಲಾಡ್ಜು, ಊಟ ಸೇರಿ ತಲಾ 5,800ರಂತೆ 46,400. ಹೊರರಾಜ್ಯದ್ದು ಮೂರು, ತಲಾ 25,000ರಂತೆ 75,000. ಒಟ್ಟು 3,11,300 ರೂಪಾಯಿ. ಫಿಸಿಯೋ, ಫಿಟ್ನೆಸ್ ಟ್ರೈನರ್, ಬಟ್ಟೆ, ಗ್ರಿಪ್, ದಿನಾ ಕರೆದುಕೊಂಡು ಹೋಗಿ ಬರುವ ಪೆಟ್ರೋಲ್ ಇದರಲ್ಲಿ ಸೇರಿಲ್ಲ. ಹನ್ನೊಂದು ಟೂರ್ನಮೆಂಟ್‌ಗೆ ಮೂರು ಮೂರು ದಿನ ಎಂದರೂ ಮನೆಯವರಲ್ಲಿ ಒಬ್ಬರಿಗೆ 33 ದಿನದ ರಜೆ ಬೇಕು. ಅದೂ ಸೇರಿಲ್ಲ.

ಈಗ ಮೇಲಿನ ಡ್ರಾ ಲೆಕ್ಕವನ್ನು ಇದಕ್ಕೆ ಜೋಡಿಸಿ. ಟೂರ್ನಮೆಂಟ್‌ಗೆ ಸರಾಸರಿ ಎರಡು ಪಂದ್ಯದಂತೆ ಹನ್ನೊಂದಕ್ಕೆ 22 ಪಂದ್ಯ. ಓಡಾಟದ ಖರ್ಚೇ 1,21,400. ಒಂದು ಪಂದ್ಯಕ್ಕೆ ಐದೂವರೆ ಸಾವಿರ ಬಿತ್ತು. ಆ ಪಂದ್ಯ 21-9, 21-11 ಎಂದು ಇಪ್ಪತ್ತು ನಿಮಿಷದಲ್ಲಿ ಮುಗಿದೂ ಹೋಗಬಹುದು. ಈ ವಯಸ್ಸಿಗೆ ಹೊರರಾಜ್ಯದ ಮೂರನ್ನು ಕೈಬಿಟ್ಟು ಜಿಲ್ಲಾ ಮಟ್ಟದ, ಕ್ಲಬ್ ಮಟ್ಟದ ಲೀಗ್ ಮಾದರಿಯ ಪಂದ್ಯಗಳನ್ನು ಹುಡುಕಿ ಎಂದು ನಾವು ಒತ್ತಿ ಹೇಳುತ್ತೇವೆ. ಲೀಗ್‌ನಲ್ಲಿ ಸೋತವರೂ ಮತ್ತೆ ಆಡುತ್ತಾರೆ. ಒಂದು ಭಾನುವಾರದಲ್ಲಿ ನಾಲ್ಕೈದು ಪಂದ್ಯ ಸಿಕ್ಕರೆ ಕಲಿಕೆಯೂ ಹೆಚ್ಚು, ಖರ್ಚೂ ಕಡಿಮೆ.

ಸಾಮಾನಿನಲ್ಲಿ ದುಡ್ಡು ಸೋರುವ ಜಾಗಗಳಿವೆ. ದೊಡ್ಡ ಆಟಗಾರರು ಹಿಡಿಯುವ ತಲೆಭಾರದ, ಬಿಗಿ ಶಾಫ್ಟಿನ ರ‍್ಯಾಕೆಟ್ ಕೊಟ್ಟು 27-28 ಪೌಂಡ್‌ಗೆ ಗಟ್ ಎಳೆಸುವುದು ಮೊದಲನೇ ತಪ್ಪು. ಟೆನ್ಷನ್, ಅಂದರೆ ಗಟ್ಟಿನ ಬಿಗಿ, ಏರಿದಷ್ಟೂ ಗಟ್ಟಿನಲ್ಲಿ ಕಾಕ್ ಚಿಮ್ಮುವ ಜಾಗ ಕಿರಿದಾಗುತ್ತದೆ. ನಡುವಿಗೆ ಬೀಳದ ಪ್ರತಿ ಹೊಡೆತದ ಅದುರು ಮೊಣಕೈಗೆ, ಭುಜಕ್ಕೆ ಹೋಗುತ್ತದೆ. ಕಾಕ್ ಹಿಂದಿನ ಗೆರೆ ಮುಟ್ಟುವುದಿಲ್ಲ ಎಂದು ಮಗು ಇನ್ನೂ ಜೋರಾಗಿ ಬೀಸುತ್ತದೆ. ಈ ವಯಸ್ಸಿಗೆ 80ರಿಂದ 84 ಗ್ರಾಂನ 4ಯು, ಇಲ್ಲವೇ 75ರಿಂದ 79 ಗ್ರಾಂನ 5ಯು, ಬಾಗುವ ಶಾಫ್ಟು, 18ರಿಂದ 21 ಪೌಂಡ್ ಸಾಕು. ಎರಡು ರ‍್ಯಾಕೆಟ್ ಒಂದೇ ಮಾದರಿ, ಒಂದೇ ಟೆನ್ಷನ್ ಇರಲಿ. ಪಂದ್ಯದ ನಡುವೆ ಗಟ್ ಕಿತ್ತುಹೋದಾಗ ಕೈಗೆ ಬರುವ ಇನ್ನೊಂದು ರ‍್ಯಾಕೆಟ್ ಬೇರೆ ಥರ ಇದ್ದರೆ ನಾಲ್ಕು ಪಾಯಿಂಟ್ ಹೊಂದಿಕೊಳ್ಳುವುದರಲ್ಲೇ ಹೋಗುತ್ತದೆ.

ಕಾಕ್ ವಿಷಯಕ್ಕೆ ಬಂದರೆ, ಒಂದರಲ್ಲಿ 16 ಗರಿ, ತೂಕ 5 ಗ್ರಾಂ ಆಚೀಚೆ. ಒಂದು ಗರಿ ಮುರಿದರೂ ಓಲಾಡುತ್ತದೆ. ಗರಿ ಒಣಗಿದ್ದರೆ ಬೇಗ ಮುರಿಯುತ್ತದೆ, ಬೇಸಿಗೆಯಲ್ಲಿ ಬಳ್ಳಾರಿ, ಕಲಬುರಗಿ ಕಡೆ ಇದು ದೊಡ್ಡ ತಲೆನೋವು. ಆಡುವ ಹಿಂದಿನ ರಾತ್ರಿ ಡಬ್ಬದ ಮುಚ್ಚಳ ತೆಗೆದು ಗರಿಯ ಕಡೆಯನ್ನು ಕುದಿಯುವ ನೀರಿನ ಆವಿಗೆ ಐದಾರು ಸೆಕೆಂಡ್ ಹಿಡಿದು, ಮುಚ್ಚಿಡಿ. ಬುಡದ ಕಾರ್ಕ್ ಒದ್ದೆಯಾಗಬಾರದು. ಡಬ್ಬದ ಮೇಲೆ 76, 77 ಎಂದಿರುವುದು ವೇಗದ ಅಂಕಿ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ, ಗಾಳಿ ತೆಳು, ಕಾಕ್ ದೂರ ಹಾರುತ್ತದೆ. ಮಂಗಳೂರಿನಲ್ಲಿ ಸರಿಹೋಗುವ ಅಂಕಿಗಿಂತ ಇಲ್ಲಿ ಕಡಿಮೆ ಅಂಕಿಯದು, ಅಂದರೆ ನಿಧಾನದ್ದು, ಬೇಕು. ಪರೀಕ್ಷೆ ಸುಲಭ: ಶಕ್ತಿಯುಳ್ಳ ದೊಡ್ಡವರೊಬ್ಬರು ಹಿಂದಿನ ಗೆರೆಯ ಮೇಲಿನಿಂದ ಕೆಳಗೈಯಲ್ಲಿ ಪೂರ್ತಿ ಹೊಡೆದರೆ, ಕಾಕ್ ಎದುರಿನ ಹಿಂದಿನ ಗೆರೆಗೆ 53ರಿಂದ 99 ಸೆಂಟಿಮೀಟರ್ ಮೊದಲೇ ಬೀಳಬೇಕು. ಇದನ್ನು ನೋಡದೆ ಹತ್ತು ಡಬ್ಬ ಒಟ್ಟಿಗೆ ಕೊಂಡವರು ಅಷ್ಟನ್ನೂ ಬರೀ ಪ್ರಾಕ್ಟೀಸಿಗೆ ಸುರಿಯಬೇಕಾಗುತ್ತದೆ.

ದೇಹದ ಲೆಕ್ಕ ದುಡ್ಡಿನ ಲೆಕ್ಕಕ್ಕಿಂತ ದೊಡ್ಡದು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರಲ್ಲಿ ಕೊಟ್ಟ ಸಲಹೆ ಹೀಗಿದೆ: ವಾರದಲ್ಲಿ ಒಂದೆರಡು ದಿನ ಪೂರ್ತಿ ಬಿಡುವು, ವರ್ಷದಲ್ಲಿ ಒಂದೊಂದು ತಿಂಗಳಂತೆ ಮೂರು ತಿಂಗಳು ಆ ಆಟದಿಂದ ರಜೆ, ಹದಿನೈದು ಹದಿನಾರರ ತನಕ ಒಂದೇ ಆಟಕ್ಕೆ ಕಟ್ಟಿಹಾಕದಿರುವುದು. ವಾರದ ತರಬೇತಿಯ ಗಂಟೆಗಳು ಮಗುವಿನ ವಯಸ್ಸನ್ನು ಮೀರಿದರೆ ಗಂಭೀರ ಗಾಯಗಳು ಹೆಚ್ಚುತ್ತವೆ ಎಂದು ಷಿಕಾಗೋದ ಸಂಶೋಧಕರೂ ಕಂಡಿದ್ದಾರೆ. ನಿಮ್ಮ ಮಗಳಿಗೆ ಅದು ಹನ್ನೊಂದು ಗಂಟೆ. ವಾರಕ್ಕೆ ಆರು ದಿನ, ದಿನಕ್ಕೆ ಮೂರು ಗಂಟೆಯ ಬ್ಯಾಚ್ ಎಂದರೆ ಹದಿನೆಂಟು. ಬ್ಯಾಡ್ಮಿಂಟನ್‌ನಲ್ಲಿ ಮುಂದಕ್ಕೆ ಚಿಮ್ಮಿ ಹಿಮ್ಮಡಿ ಊರುವುದು ಸಾವಿರ ಸಲ ನಡೆಯುತ್ತದೆ. ಬೆಳೆಯುವ ಮೂಳೆಯ ತುದಿ ಇನ್ನೂ ಮೃದು. ಹಿಮ್ಮಡಿಯ ಎರಡೂ ಬದಿ ಒತ್ತಿದರೆ ನೋವು, ಮಂಡಿಚಿಪ್ಪಿನ ಕೆಳಗೆ ಗಂಟಿನಂಥ ಉಬ್ಬು, ಬೆಳಗ್ಗೆ ಎದ್ದಾಗ ಕುಂಟು, ಇವುಗಳಲ್ಲಿ ಯಾವುದು ಕಂಡರೂ ಸ್ಪ್ರೇ ಹೊಡೆದು ಆಡಿಸಬೇಡಿ. ಮೂಳೆ ವೈದ್ಯರಿಗೆ ತೋರಿಸಿ. ಮೊದಲೇ ಹಿಡಿದರೆ ವಿಶ್ರಾಂತಿಯಿಂದಲೇ ವಾಸಿಯಾಗುವಂಥವು ಇವು.

ನಿಮ್ಮ ಪ್ರಶ್ನೆಯಲ್ಲಿ ನಮ್ಮನ್ನು ಹೆಚ್ಚು ಕಾಡಿದ್ದು "ಇಷ್ಟು ದುಡ್ಡು ಹಾಕಿದ ಮೇಲೆ" ಎಂಬ ಮಾತು. ಆ ಎರಡು ಲಕ್ಷ ಹೋಯಿತು. ಇನ್ನು ಎರಡು ಲಕ್ಷ ಹಾಕಿದರೂ ಅದು ವಾಪಸ್ ಬರುವುದಿಲ್ಲ. ಅದಕ್ಕೆ ಬದಲಾಗಿ ಬಂದದ್ದು ಬಂದಾಗಿದೆ: ಎರಡು ವರ್ಷ ಮಗು ಓಡಿದಳು, ಬೆವರಿದಳು, ಸೋಲು ಅಂದರೇನು ಅಂತ ಕಲಿತಳು. ಯೂಟಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ ಈ ದುಡ್ಡಿನ ಭಾರ ಮಗುವಿನ ಮೇಲೂ ಬೀಳುತ್ತದೆ. ಮನೆಯ ಆದಾಯದಲ್ಲಿ ಮಗುವಿನ ಆಟಕ್ಕೆ ಹೋಗುವ ಪಾಲು ಹೆಚ್ಚಾದಷ್ಟೂ ಮಗುವಿಗೆ ಅಪ್ಪ ಅಮ್ಮನ ಒತ್ತಡ ಹೆಚ್ಚು ತಟ್ಟುತ್ತದೆ, ಆ ಒತ್ತಡದ ಜೊತೆ ಆಟದ ಖುಷಿ ಇಳಿಯುತ್ತದೆ. ನೀವು ಬಾಯಿಬಿಟ್ಟು ಹೇಳಬೇಕಿಲ್ಲ. ರಾತ್ರಿ ಊಟದ ಹೊತ್ತಿಗೆ "ಈ ತಿಂಗಳೂ ಶಟಲ್‌ಗೆ ನಾಲ್ಕೂವರೆ ಸಾವಿರ" ಎಂದು ಗಂಡ ಹೆಂಡತಿ ಮಾತಾಡಿಕೊಂಡದ್ದು ಸಾಕು, ಮರುದಿನ ಪಂದ್ಯದಲ್ಲಿ ಅವಳ ಕೈ ಬಿಗಿಯುತ್ತದೆ.

ಆದ್ದರಿಂದ ಮೊತ್ತವನ್ನು ಮೊದಲೇ ನಿಗದಿ ಮಾಡಿ. ವರ್ಷದ ಶುರುವಿನಲ್ಲಿ, ಅವಳು ಒಂದೂ ಪಂದ್ಯ ಗೆಲ್ಲದಿದ್ದರೂ ಅಯ್ಯೋ ಎನಿಸದಷ್ಟು ದುಡ್ಡು ಎಷ್ಟು ಎಂದು ಗಂಡ ಹೆಂಡತಿ ಕೂತು ಲೆಕ್ಕ ಹಾಕಿ, ಅಷ್ಟನ್ನೇ ಬೇರೆ ಖಾತೆಯಲ್ಲಿಡಿ. ಪಿಎಫ್ ತೆಗೆಯುವುದು, ಚಿನ್ನ ಅಡವಿಡುವುದು, ಇನ್ನೊಂದು ಮಗುವಿದ್ದರೆ ಅದರ ಓದಿನ ದುಡ್ಡಿಗೆ ಕೈಹಾಕುವುದು ಬೇಡ. ಕೋಟಾ, ಸ್ಕಾಲರ್‌ಶಿಪ್ ನಂಬಿ ಸಾಲ ಮಾಡುವುದಂತೂ ಬೇಡವೇ ಬೇಡ. ಕೇಂದ್ರ ಸರ್ಕಾರದ ಖೇಲೋ ಇಂಡಿಯಾ ಯೋಜನೆಗೆ ಆಯ್ಕೆಯಾದ ಕ್ರೀಡಾಪಟುವಿಗೆ ವರ್ಷಕ್ಕೆ 6.28 ಲಕ್ಷ ರೂಪಾಯಿ ನೆರವು, ಅದರಲ್ಲಿ 1.20 ಲಕ್ಷ ಕೈಖರ್ಚಿಗೆ ಎಂಬುದು ನಿಜ. ಆದರೆ ಅಲ್ಲಿಗೆ ಹೋಗುವವರು ಆ ಹೊತ್ತಿಗಾಗಲೇ ರಾಷ್ಟ್ರ ಮಟ್ಟದಲ್ಲಿ ಹೆಸರು ಮಾಡಿರುತ್ತಾರೆ. ಅದಕ್ಕೂ ಮುಂಚಿನ ಐದಾರು ವರ್ಷದ ಖರ್ಚು ಮನೆಯದೇ. ಸಿಇಟಿಯ ಕ್ರೀಡಾ ಕೋಟಾದಲ್ಲೂ ಸೀಟು ಬೆರಳೆಣಿಕೆಯಷ್ಟು. ಹಾಗೆಯೇ ಶಾಲೆ ಬಿಡಿಸಿ ಓಪನ್ ಸ್ಕೂಲ್‌ಗೆ ಹಾಕುವ ಮಾತು ಈಗಲೇ ಎತ್ತಬೇಡಿ. ರಾಷ್ಟ್ರೀಯ ಓಪನ್ ಸ್ಕೂಲ್ ಸಂಸ್ಥೆಯಾದ ಎನ್‌ಐಒಎಸ್‌ನಲ್ಲಿ ಹತ್ತನೇ ತರಗತಿಗೆ ಕನಿಷ್ಠ ವಯಸ್ಸೇ 14.

ಸೋತ ದಿನ ಏನು ಮಾಡಬೇಕು ಎಂಬುದನ್ನೂ ಹೇಳಿಬಿಡುತ್ತೇವೆ. ಮಕ್ಕಳಿಗೆ ಪಂದ್ಯಕ್ಕಿಂತ ವಾಪಸ್ ಬರುವ ದಾರಿ ಭಾರ. ಕಾರು ಹತ್ತಿದ ಕೂಡಲೇ "ಆ ಸರ್ವ್ ಯಾಕೆ ನೆಟ್‌ಗೆ ಹೊಡೆದೆ" ಎಂದು ಶುರುವಾದರೆ ತುಮಕೂರಿನಿಂದ ಬೆಂಗಳೂರಿನ ತನಕ ಅವಳು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೂರುತ್ತಾಳೆ. ನೀರು ಕೊಡಿ, ಒದ್ದೆ ಬಟ್ಟೆ ಬದಲಿಸಲಿ, ದಾರಿಯಲ್ಲಿ ತಟ್ಟೆ ಇಡ್ಲಿ ತಿನ್ನಿಸಿ. ಪಂದ್ಯದ ಮಾತು ಅವಳೇ ಎತ್ತಲಿ. ಎತ್ತದಿದ್ದರೆ ಆ ದಿನ ಅದು ಬೇಡ. ತಾಂತ್ರಿಕ ತಪ್ಪು ತಿದ್ದುವುದು ಕೋಚ್ ಕೆಲಸ. ಗ್ಯಾಲರಿಯಿಂದ ಕೈಸನ್ನೆ ಮಾಡುವುದೂ ಬೇಡ. 11 ಪಾಯಿಂಟ್‌ಗೆ ಸಿಗುವ ಒಂದು ನಿಮಿಷದ ಬಿಡುವಿನಲ್ಲಿ ಕೋಚ್ ಒಂದು ಹೇಳಿ ಅಪ್ಪ ಇನ್ನೊಂದು ತೋರಿಸಿದರೆ ಮಗು ಎರಡನ್ನೂ ಮಾಡುವುದಿಲ್ಲ.

ಹಾಗಾದರೆ ಅಡ್ವಾನ್ಸ್ಡ್ ಬ್ಯಾಚ್? ಕೋಚ್ ಹತ್ತಿರ ಹೋಗಿ ಕೇಳಿ: ಒಂದು ಕೋರ್ಟಿಗೆ ಎಷ್ಟು ಮಕ್ಕಳು, ಕಾಕ್ ಫೀಸಿನಲ್ಲೇ ಸೇರಿದೆಯಾ, ವಾರಕ್ಕೆ ನಾಲ್ಕೇ ದಿನ ಬರಬಹುದಾ, ಮುಂದಿನ ಆರು ತಿಂಗಳಲ್ಲಿ ಅವಳ ಆಟದಲ್ಲಿ ಯಾವ ಎರಡು ವಿಷಯ ಸುಧಾರಿಸಬೇಕು. ಕೋರ್ಟಿಗೆ ಎಂಟು ಹತ್ತು ಮಕ್ಕಳಿದ್ದರೆ ಮೂರು ಗಂಟೆಯಲ್ಲಿ ಹೆಚ್ಚಿನ ಹೊತ್ತು ಸಾಲಿನಲ್ಲಿ ನಿಲ್ಲುವುದೇ ಆಗುತ್ತದೆ. ಕೊನೆಯ ಪ್ರಶ್ನೆಗೆ "ಟೂರ್ನಮೆಂಟ್ ಆಡ್ತಾ ಆಡ್ತಾ ಬರುತ್ತೆ" ಎಂದಷ್ಟೇ ಉತ್ತರ ಬಂದರೆ ಈಗಿನ ಬ್ಯಾಚಿನಲ್ಲೇ ಇರಲಿ. "ಬ್ಯಾಕ್‌ಹ್ಯಾಂಡ್ ಕ್ಲಿಯರ್, ಹಿಂದಿನ ಮೂಲೆಗೆ ಹೋಗುವ ಹೆಜ್ಜೆ" ಎಂದು ಬಿಡಿಸಿ ಹೇಳಿದರೆ ಆರು ತಿಂಗಳು ನೋಡಿ.

ಬಿಡಿಸುವುದೇ ಸರಿ ಅನ್ನಿಸಿದರೆ ಸೋತ ಸಂಜೆ ಆ ತೀರ್ಮಾನ ಬೇಡ, ಅವಳಿಗೆ ಅದು ಶಿಕ್ಷೆಯಂತೆ ಕಾಣುತ್ತದೆ. ಕಟ್ಟಿದ ಫೀಸಿನ ಅವಧಿ ಮುಗಿಯಲಿ. ಬೇಸಿಗೆ ರಜೆಯಲ್ಲಿ ಒಂದು ತಿಂಗಳು ರ‍್ಯಾಕೆಟ್ ಬ್ಯಾಗ್ ತೆರೆಯದೆ ಇಡಿ, ಅವಳಾಗೇ ಕೇಳುತ್ತಾಳಾ ಗಮನಿಸಿ. ಸಂಜೆ ಅಪಾರ್ಟ್‌ಮೆಂಟ್ ಕೆಳಗೋ ರಸ್ತೆಯಲ್ಲೋ ತಾನೇ ಹೋಗಿ ಪಕ್ಕದ ಮನೆ ಮಕ್ಕಳ ಜೊತೆ ಆಡಿದರೆ ವಾರಕ್ಕೆ ಮೂರು ದಿನದ ಸಾಮಾನ್ಯ ಬ್ಯಾಚ್ ಸಾಕು, ನೈಲಾನ್ ಕಾಕ್ ಸಾಕು. ರ‍್ಯಾಕೆಟ್ ಮಾತ್ರ ಮಾರಬೇಡಿ. ಗಟ್ ಬಿಚ್ಚಿಸಿ ಕಪಾಟಿನಲ್ಲಿಡಿ. ಬಿಚ್ಚುವಾಗ ನಡುವಿನಿಂದ ಕತ್ತರಿಸಿ ಸುತ್ತಲೂ ಸಮನಾಗಿ ಸಡಿಲಿಸಿ ಎಂದು ಅಂಗಡಿಯವರಿಗೆ ಹೇಳಿ, ಒಂದೇ ಬದಿ ಬಿಚ್ಚಿದರೆ ಫ್ರೇಮ್ ಸೊಟ್ಟಗಾಗುತ್ತದೆ.